‘ನಡೀತದೆ ಬಿಡಿ’ ಅನ್ನುವುದು ಅಳತೆಯಲ್ಲ



ಗಡಿಯ ಈಚೆ ಇರುವ ನಮಗೆ ಒಂದೇ ಮಾತನ್ನು ಹಲವು ಭಾಷೆಗಳಲ್ಲಿ ಕೇಳಿ ಅಭ್ಯಾಸ. ಕನ್ನಡದಲ್ಲಿ ‘ನಡೀತದೆ ಬಿಡಿ’. ಕಾಸರಗೋಡು ಪೇಟೆಯಲ್ಲಿ ‘ಅದು ಮದಿ’. ಹೊಸೂರು, ತಾಳವಾಡಿ ಕಡೆ ‘ಪರವಾಯಿಲ್ಲೆ’. ಸೊಲ್ಲಾಪುರ, ಜತ್ತ ಕಡೆ ‘ಚಾಲೇಲ’. ಆದೋನಿ, ರಾಯದುರ್ಗದಲ್ಲಿ ‘ಪರವಾಲೇದು’. ಮದುವೆ ಊಟಕ್ಕೆ ಒಂದು ಪಲ್ಯ ಕಡಿಮೆಯಾದಾಗ ಈ ಮಾತು ಒಳ್ಳೆಯದೇ. ಆದರೆ ಬಿಚ್ಚಿ ಹರಡಿದ ಕಾರಿನ ಎಂಜಿನ್ ಮುಂದೆ ನಿಂತು ಇದೇ ಮಾತು ಹೇಳಿದರೆ ಅದು ಅಪಾಯದ ಮಾತು.

ಈ ಲೇಖನದಲ್ಲಿ ನನ್ನ ವಾದ ಇಷ್ಟೇ. ಅಳತೆ ಮಾಡಿ ಖರ್ಚು ಉಳಿಸುವುದು ಜಾಣತನ. ಅಳತೆ ಮಾಡದೆ ಖರ್ಚು ಉಳಿಸುವುದು ಜೂಜು. ಎರಡೂ ಹೊರಗಿನಿಂದ ಒಂದೇ ತರ ಕಾಣುತ್ತವೆ. ಯಾವುದು ಯಾವುದು ಎಂದು ಗುರುತಿಸಲು ನಮಗೆ ಬೇಕಾಗಿರುವುದು ಶಾಲೆಯಲ್ಲಿ ಕಲಿಯುವ ವಿಜ್ಞಾನವೇ.

ಇದನ್ನು ನಿಮಗೆ ಯಾಕೆ ಹೇಳಬೇಕು? ನಿಮ್ಮಲ್ಲಿ ಕೆಲವರ ಅಪ್ಪನೋ ಮಾವನೋ ಜೀಪು, ಟ್ಯಾಕ್ಸಿ, ಗೂಡ್ಸ್ ಗಾಡಿ ಓಡಿಸಿ ಮನೆ ನಡೆಸುತ್ತಾರೆ. ಗಾಡಿ ನಿಂತರೆ ಮನೆಯ ವರಮಾನವೇ ನಿಂತಿತು. ಇನ್ನು ಕೆಲವರು ಹತ್ತನೇ ಮುಗಿಸಿ ಐಟಿಐಗೆ ಹೋಗುವವರು, ಇಲ್ಲವೇ ನೇರ ಗ್ಯಾರೇಜಿಗೆ ಕೆಲಸ ಕಲಿಯಲು ಸೇರುವವರು. ನಾಳೆ ಸ್ಪ್ಯಾನರ್ ಹಿಡಿಯುವ ಕೈ ನಿಮ್ಮದೇ ಇರಬಹುದು. ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವರಂತೂ ನಾವೆಲ್ಲರೂ ಹೌದು.

ಅರ್ಧ ಕಾಗದದಷ್ಟು ಜಾಗ

ಮೊದಲು ಎಂಜಿನ್ ಒಳಗೆ ಎಷ್ಟು ಕಷ್ಟದ ಕೆಲಸ ನಡೆಯುತ್ತದೆ ನೋಡೋಣ. ಗಾಡಿ ಸಾಧಾರಣ ವೇಗದಲ್ಲಿ ಹೋಗುವಾಗ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿಗೂ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹೀಗೆ ಸೆಕೆಂಡಿಗೆ 100 ಸಲ ಅದು ನಿಂತು ದಿಕ್ಕು ಬದಲಿಸುತ್ತದೆ. ಒಂದು ಗಂಟೆಗೆ ಲೆಕ್ಕ ಹಾಕಿದರೆ 1,80,000 ಸುತ್ತು. ಒಳಗೆ ಉರಿಯುವ ಅನಿಲದ ಶಾಖ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ ಮಾಡಿರುವುದು ಅಲ್ಯೂಮಿನಿಯಂ ಮಿಶ್ರಲೋಹದಿಂದ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಆದರೂ ಪಿಸ್ಟನ್ ಕರಗುವುದಿಲ್ಲ. ಯಾಕೆಂದರೆ ಆ ಶಾಖ ಪಿಸ್ಟನ್ ರಿಂಗುಗಳ ಮೂಲಕ ಸಿಲಿಂಡರ್ ಗೋಡೆಗೆ, ಅಲ್ಲಿಂದ ನೀರಿಗೆ, ಇನ್ನೊಂದಿಷ್ಟು ಆಯಿಲ್‌ಗೆ ಹರಿದು ಹೋಗುತ್ತಿರುತ್ತದೆ. ಈ ದಾರಿ ಎಲ್ಲಿ ಕೆಟ್ಟರೂ ಪಿಸ್ಟನ್ ಕೆಡುತ್ತದೆ.

ಇನ್ನು ಕ್ರ್ಯಾಂಕ್ ಶಾಫ್ಟ್. ಅದು ತಿರುಗುವ ಕಡೆಯಲ್ಲೆಲ್ಲ ಬೇರಿಂಗ್ ಉಂಟು. ಶಾಫ್ಟ್ ಮತ್ತು ಬೇರಿಂಗ್ ಒಂದಕ್ಕೊಂದು ತಾಗಿ ತಿರುಗುತ್ತವೆ ಎಂದು ಹಲವರು ತಿಳಿದಿದ್ದಾರೆ. ಓಡುತ್ತಿರುವ ಎಂಜಿನ್‌ನಲ್ಲಿ ಅವು ತಾಗುವುದೇ ಇಲ್ಲ. ನಡುವೆ ಆಯಿಲ್‌ನ ತೆಳು ಪದರ ಇರುತ್ತದೆ. ಇದು ತಿಳಿದ ಕಥೆ ಚೆನ್ನಾಗಿದೆ. ಇಂಗ್ಲೆಂಡಿನಲ್ಲಿ ಬೋಶಾಂ ಟವರ್ ಎಂಬ ಎಂಜಿನಿಯರ್ ಬೇರಿಂಗುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಆಯಿಲ್ ಹಾಕಲೆಂದು ಬೇರಿಂಗ್ ಮೇಲ್ಭಾಗದಲ್ಲಿ ತೂತು ಕೊರೆದರೆ, ಆಯಿಲ್ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಬಿರಡೆ ಹಾಕಿ ಮುಚ್ಚಿದರೆ ಬಿರಡೆಯನ್ನೇ ತಳ್ಳಿ ಹಾಕಿತು. ಶಾಫ್ಟ್ ತಿರುಗುವುದರಿಂದಲೇ ಆಯಿಲ್ ಪದರದಲ್ಲಿ ಅಷ್ಟು ಒತ್ತಡ ಹುಟ್ಟುತ್ತದೆ ಎಂದು ಆಗ ಗೊತ್ತಾಯಿತು. ಅದು 1883. ಅದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಬಿಡಿಸಿ ತೋರಿಸಿದರು.

ಈ ಪದರ ನಿಲ್ಲಬೇಕಾದರೆ ಶಾಫ್ಟ್ ಮತ್ತು ಬೇರಿಂಗ್ ನಡುವಿನ ಸಂದು ಸರಿಯಾಗಿರಬೇಕು. ಗ್ಯಾರೇಜಿನಲ್ಲಿ ಇದನ್ನು ಕ್ಲಿಯರೆನ್ಸ್ ಅನ್ನುತ್ತಾರೆ. 50 ಮಿ.ಮೀ. ದಪ್ಪದ ಶಾಫ್ಟಿಗೆ ಹೆಚ್ಚುಕಡಿಮೆ 0.05 ಮಿ.ಮೀ. ಇದು ಎಷ್ಟು? ನಿಮ್ಮ ನೋಟ್ ಪುಸ್ತಕದ 100 ಹಾಳೆ ಒತ್ತಿ ಹಿಡಿದು ಸ್ಕೇಲಿನಲ್ಲಿ ದಪ್ಪ ಅಳೆಯಿರಿ. ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬರುತ್ತದೆ. ಒಂದು ಹಾಳೆಗೆ ಸುಮಾರು 0.1 ಮಿ.ಮೀ. ಅದರ ಅರ್ಧ ದಪ್ಪದಷ್ಟು ಜಾಗದಲ್ಲಿ ಇಡೀ ಎಂಜಿನ್‌ನ ಆಯುಷ್ಯ ನಿಂತಿದೆ. ಸಂದು ಹೆಚ್ಚಾದರೆ ಆಯಿಲ್ ಪಕ್ಕದಿಂದ ಸೋರಿ ಒತ್ತಡ ಬೀಳುತ್ತದೆ, ಕಟಕಟ ಬಡಿತ ಶುರುವಾಗುತ್ತದೆ. ಕಡಿಮೆಯಾದರೆ ಆಯಿಲ್‌ಗೆ ಜಾಗವಿಲ್ಲ, ಲೋಹ ಲೋಹಕ್ಕೆ ಉಜ್ಜಿ ಬಿಸಿಯೇರಿ ಜಾಮ್ ಆಗುತ್ತದೆ.

ಈಗ ಹೇಳಿ, ಅರ್ಧ ಕಾಗದದ ದಪ್ಪವನ್ನು ಕಣ್ಣಲ್ಲಿ ನೋಡಿ ‘ಸರಿ ಉಂಟು’ ಎಂದು ಹೇಳಲು ಯಾರಿಗೆ ಸಾಧ್ಯ? ಶಾಫ್ಟ್ ಸವೆದಿದ್ದರೆ ಅದನ್ನು ಗ್ರೈಂಡಿಂಗಿಗೆ ಕೊಟ್ಟು 0.25 ಅಥವಾ 0.50 ಮಿ.ಮೀ. ಕಡಿಮೆ ಮಾಡಿ, ಅದಕ್ಕೆ ಹೊಂದುವ ದಪ್ಪ ಬೇರಿಂಗ್ ಹಾಕುವುದು ಕ್ರಮ. ಅಡ್ಡದಾರಿ ಏನೆಂದರೆ, ಹಳೇ ಬೇರಿಂಗ್ ಹಿಂದೆ ತೆಳು ತಗಡೋ ಕಾಗದವೋ ಇಟ್ಟು ಬಿಗಿ ಮಾಡುವುದು. ಬಡಿತ ಆ ದಿನಕ್ಕೆ ನಿಲ್ಲುತ್ತದೆ. ಆದರೆ ಬೇರಿಂಗ್ ಆಕಾರ ಕೆಡುತ್ತದೆ, ಅದರ ಶಾಖ ಹೊರಗೆ ಹೋಗುವ ದಾರಿ ಮುಚ್ಚುತ್ತದೆ.

‘ರಿಂಗ್ ಮಾತ್ರ ಹಾಕಿ ಕೊಡಿ ಅಣ್ಣಾ’

ಎಂಜಿನ್ ಹೊಗೆ ಉಗುಳಲು ಶುರು ಮಾಡಿದಾಗ ಗಾಡಿಯ ಯಜಮಾನರು ಮೇಸ್ತ್ರಿಯ ಹತ್ತಿರ ಹೇಳುವ ಮಾತು ಇದು: ‘ಬೋರ್ ಎಲ್ಲ ಮಾಡಿಸೋದು ಬೇಡ, ರಿಂಗ್ ಮಾತ್ರ ಹಾಕಿ ಕೊಡಿ ಅಣ್ಣಾ.’ ಇದು ಜಾಣತನವೋ ಜೂಜೋ? ಅಳೆಯುವ ತನಕ ಹೇಳಲು ಬರುವುದಿಲ್ಲ. ನನ್ನ ವಾದದ ತಿರುಳೇ ಇಲ್ಲಿದೆ.

ಸಿಲಿಂಡರ್ ಎಲ್ಲ ಕಡೆ ಒಂದೇ ರೀತಿ ಸವೆಯುವುದಿಲ್ಲ. ಶಾಖ ಮತ್ತು ಒತ್ತಡ ಜಾಸ್ತಿ ಇರುವ ಮೇಲ್ಭಾಗದಲ್ಲಿ ಹೆಚ್ಚು ಸವೆತ, ಕೆಳಗೆ ಕಡಿಮೆ. ಮೇಲೆ ವ್ಯಾಸ 0.1 ಮಿ.ಮೀ. ಹೆಚ್ಚಾಗಿದೆ ಎಂದಿಟ್ಟುಕೊಳ್ಳಿ. ವೃತ್ತದ ಪರಿಧಿ ಅಂದರೆ ವ್ಯಾಸದ 3.14 ಪಟ್ಟು. ಹಾಗಾದರೆ ಪರಿಧಿಯಲ್ಲಿ ವ್ಯತ್ಯಾಸ 0.31 ಮಿ.ಮೀ. ಹೊಸ ರಿಂಗ್ ಪ್ರತಿ ಸಲ ಮೇಲೆ ಬಂದಾಗ ಅದರ ಬಾಯಿ ಅಷ್ಟು ತೆರೆಯಬೇಕು, ಕೆಳಗೆ ಹೋದಾಗ ಅಷ್ಟು ಮುಚ್ಚಬೇಕು. ಸೆಕೆಂಡಿಗೆ 50 ಸಲ.

ರಿಂಗ್ ಪೂರ್ಣ ವೃತ್ತವಲ್ಲ. ಬಳೆ ಒಂದು ಕಡೆ ಸೀಳಿದ ಹಾಗೆ ಅದರಲ್ಲಿ ಸಣ್ಣ ಬಾಯಿ ಇರುತ್ತದೆ. ಆ ಬಾಯಿ ಯಾಕೆ? ಬಿಸಿಯಾದಾಗ ಲೋಹ ಹಿಗ್ಗುತ್ತದೆ ಎಂದು ನೀವು ಓದಿದ್ದೀರಿ. 80 ಮಿ.ಮೀ. ವ್ಯಾಸದ ಎರಕದ ಕಬ್ಬಿಣದ ರಿಂಗ್ ತೆಗೆದುಕೊಳ್ಳಿ. ಪರಿಧಿ ಸುಮಾರು 251 ಮಿ.ಮೀ. ಒಂದು ಡಿಗ್ರಿಗೆ ಹಿಗ್ಗುವ ಪ್ರಮಾಣ ಸುಮಾರು 0.000012. ರಿಂಗ್ ಸಿಲಿಂಡರಿಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ, 251 × 0.000012 × 100. ಉತ್ತರ 0.30 ಮಿ.ಮೀ. ಇಂಥ ರಿಂಗಿಗೆ ಸಾಮಾನ್ಯವಾಗಿ ಬಿಡುವ ಬಾಯಿ ಕೂಡ ಹೆಚ್ಚುಕಡಿಮೆ ಅಷ್ಟೇ! ತಯಾರಕರು ಕೊಟ್ಟ ಸಂಖ್ಯೆ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ.

ಬಾಯಿ ಕಡಿಮೆ ಇದ್ದರೆ ತುದಿಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ರಿಂಗಿಗೆ ಹಿಗ್ಗಲು ಜಾಗವಿಲ್ಲ, ಅದು ಗೋಡೆಯನ್ನು ಗೀರುತ್ತದೆ, ಕೆಲವೊಮ್ಮೆ ಪಿಸ್ಟನ್ ಅಂಚೇ ಒಡೆಯುತ್ತದೆ. ಸವೆದ ಸಿಲಿಂಡರಿನ ಮೇಲ್ಭಾಗದಲ್ಲಿ 0.3 ಮಿ.ಮೀ. ಬಾಯಿ ಇದ್ದ ರಿಂಗ್, ಕೆಳಗೆ ಬರುವಾಗ ಪೂರ್ತಿ ಮುಚ್ಚಿ ಹೋಗಬಹುದು. ಮೇಲಿನ ಲೆಕ್ಕ ಅದನ್ನೇ ಹೇಳುತ್ತದೆ.

ಹಾಗಾದರೆ ರಿಂಗ್ ಮಾತ್ರ ಹಾಕುವುದು ತಪ್ಪೇ? ಅಲ್ಲ. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಅಡ್ಡಕ್ಕೂ ಉದ್ದಕ್ಕೂ ಅಳೆದು, ಸವೆತ ತಯಾರಕರು ಹೇಳಿದ ಮಿತಿಯ ಒಳಗೆ ಇದೆ ಎಂದಾದರೆ ರಿಂಗ್ ಮಾತ್ರ ಹಾಕಿ ಹಣ ಉಳಿಸಿಕೊಳ್ಳಿ. ಮಿತಿ ದಾಟಿದೆ ಎಂದಾದರೆ ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಿಸಿ. ಹಾಕಿದ ಸಾಮಾನು ಅದೇ, ಹಾಕಿದ ಕೈಯೂ ಅದೇ. ನಡುವೆ ಹತ್ತು ನಿಮಿಷದ ಅಳತೆ ಇತ್ತೋ ಇಲ್ಲವೋ, ಅದೊಂದೇ ವ್ಯತ್ಯಾಸ.

ಬೋಲ್ಟ್ ಅಂದರೆ ಒಂದು ಸ್ಪ್ರಿಂಗ್

ಸಿಲಿಂಡರ್ ಹೆಡ್ಡನ್ನು ಕೆಳಗಿನ ಬ್ಲಾಕಿಗೆ ಹಿಡಿದಿಡುವುದು ಹತ್ತೋ ಹದಿನಾಲ್ಕೋ ಬೋಲ್ಟುಗಳು. ಬಿಗಿ ಮಾಡಿದಾಗ ಬೋಲ್ಟ್ ಸ್ಪ್ರಿಂಗಿನ ಹಾಗೆ ತುಸು ಎಳೆದುಕೊಳ್ಳುತ್ತದೆ. ಆ ಎಳೆತವೇ ಹೆಡ್ಡನ್ನು ಒತ್ತಿ ಹಿಡಿಯುವುದು. ನಾವು ಸ್ಪ್ಯಾನರಿಗೆ ಹಾಕುವ ಶಕ್ತಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬರೀ ಘರ್ಷಣೆಗೆ ಹೋಗುತ್ತದೆ, ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ. ಮರೆಯಲ್ಲಿ ತುಕ್ಕೋ ಹಳೇ ಕಸವೋ ಇದ್ದರೆ ಆ ಒಂದು ಪಾಲೂ ಏರುಪೇರು. ಕೈಗೆ ‘ಗಟ್ಟಿ ಆಯ್ತು’ ಅನಿಸುತ್ತದೆ, ಬೋಲ್ಟ್ ಮಾತ್ರ ಸಡಿಲವೇ ಇರುತ್ತದೆ.

ಅದಕ್ಕಾಗಿಯೇ ಟಾರ್ಕ್ ರೆಂಚ್ ಎಂಬ ಸಲಕರಣೆ. ಮರೆಗಳನ್ನು ಶುಚಿ ಮಾಡಿ, ನಡುವಿನ ಬೋಲ್ಟಿನಿಂದ ಶುರು ಮಾಡಿ ಹೊರಗಿನ ಕಡೆಗೆ, ಎರಡು ಮೂರು ಹಂತದಲ್ಲಿ, ಹೇಳಿದ ಅಳತೆಗೆ ಬಿಗಿ ಮಾಡಬೇಕು. ಉದ್ದ ಪೈಪು ಸಿಕ್ಕಿಸಿ ಜೋರಾಗಿ ಎಳೆದರೆ ಹೆಡ್ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಎದ್ದು, ಗ್ಯಾಸ್ಕೆಟ್ ಸೋರುತ್ತದೆ. ನೀರು ಆಯಿಲ್‌ಗೆ ಸೇರಿದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅಂಥ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ.

ಇನ್ನೊಂದು ವಿಷಯ. ಸ್ಪ್ರಿಂಗಿಗೆ ತೂಕ ನೇತು ಹಾಕುವ ಪ್ರಯೋಗದಲ್ಲಿ ಸ್ಥಿತಿಸ್ಥಾಪಕ ಮಿತಿ ಎಂದು ಕಲಿಯುತ್ತೀರಲ್ಲ? ಮಿತಿ ದಾಟಿ ಎಳೆದರೆ ಸ್ಪ್ರಿಂಗ್ ಮೊದಲಿನ ಉದ್ದಕ್ಕೆ ಬರುವುದಿಲ್ಲ. ಈಗಿನ ಹಲವು ಎಂಜಿನ್‌ಗಳ ಹೆಡ್ ಬೋಲ್ಟುಗಳನ್ನು ಬೇಕೆಂದೇ ಆ ಮಿತಿಯ ಆಚೆಗೆ ಬಿಗಿ ಮಾಡುತ್ತಾರೆ. ಅವು ಒಂದು ಸಲಕ್ಕೆ ಮಾತ್ರ. ಬಿಚ್ಚಿದ ಮೇಲೆ ನೋಡಲು ಹೊಸದರ ಹಾಗೇ ಇದ್ದರೂ ಒಳಗೆ ಅವು ಸೋತಿರುತ್ತವೆ. ‘ಬೋಲ್ಟಿಗೆ ಏನಾಗಿದೆ, ಚೆನ್ನಾಗೇ ಉಂಟಲ್ಲ’ ಎಂದು ಅದನ್ನೇ ತಿರುಗಿಸಿ ಹಾಕುವುದು ಅಡ್ಡದಾರಿ. ಇಡೀ ಕೆಲಸದ ಖರ್ಚಿನ ಎದುರು ಬೋಲ್ಟಿನ ಬೆಲೆ ಸಣ್ಣದು. ಅವು ಕೈಕೊಟ್ಟರೆ ಹೆಡ್ ಮತ್ತೆ ಇಳಿಸಬೇಕು, ಕೂಲಿ ಮತ್ತೆ ಕೊಡಬೇಕು.

ಕಾಣದ ಧೂಳು

ಎಲ್ಲಕ್ಕಿಂತ ಅಗ್ಗದ ಕೆಲಸ ತೊಳೆಯುವುದು. ಅಡ್ಡದಾರಿ ಹಿಡಿಯುವುದೂ ಹೆಚ್ಚಾಗಿ ಅಲ್ಲೇ. ಸಿಲಿಂಡರ್ ಗೋಡೆಯನ್ನು ಹೋನಿಂಗ್ ಮಾಡಿದಾಗ, ಅಂದರೆ ಕಲ್ಲಿನಿಂದ ಉಜ್ಜಿ ಅಡ್ಡ ಗೀರು ಮೂಡಿಸಿದಾಗ, ಕಲ್ಲಿನ ಪುಡಿ ಆ ಗೀರುಗಳ ಒಳಗೆ ಕೂರುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿದರೆ ಗೋಡೆ ಪಳಪಳ ಹೊಳೆಯುತ್ತದೆ, ಪುಡಿ ಮಾತ್ರ ಅಲ್ಲೇ ಉಳಿಯುತ್ತದೆ. ಬಿಸಿ ನೀರು, ಸೋಪು, ಬ್ರಶ್ ಹಾಕಿ ತಿಕ್ಕಿ ತೊಳೆಯಬೇಕು. ಆಮೇಲೆ ತುಕ್ಕು ಹಿಡಿಯದಂತೆ ಕೂಡಲೇ ಒಣಗಿಸಿ, ಆಯಿಲ್ ಹಚ್ಚಿ, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಬೇಕು. ಬಟ್ಟೆ ಕಪ್ಪಾದರೆ ಮತ್ತೆ ತೊಳೆಯಬೇಕು. ಬಿಳಿ ಬಟ್ಟೆಯ ಈ ಪರೀಕ್ಷೆಗೆ ಯಾವ ದುಬಾರಿ ಯಂತ್ರವೂ ಬೇಡ.

ಗ್ಯಾಸ್ಕೆಟ್ ಗಮ್ ಕೂಡ ಹಾಗೇ. ‘ಸೋರಬಾರದು’ ಎಂದು ಬೆರಳ ದಪ್ಪ ಹಚ್ಚಿದರೆ, ಬಿಗಿ ಮಾಡುವಾಗ ಅರ್ಧ ಹೊರಗೆ ಬರುತ್ತದೆ, ಇನ್ನರ್ಧ ಒಳಗೆ ಹಿಂಡಿಕೊಳ್ಳುತ್ತದೆ. ಹೊರಗಿನದು ನಮಗೆ ಕಾಣುತ್ತದೆ. ಒಳಗಿನದು ಕಳಚಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಅಂಟುತ್ತದೆ. ಆಮೇಲೆ ಆಯಿಲ್ ಇದ್ದೂ ಮೇಲೆ ಏರುವುದಿಲ್ಲ.

‘ಇಷ್ಟು ಸಣ್ಣ ಕಸಕ್ಕೆ ಏನಾಗುತ್ತದೆ?’ ಅನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. 2024ರಲ್ಲಿ ಟೊಯೊಟಾ ಕಂಪನಿ ಅಮೆರಿಕದಲ್ಲಿ ಸುಮಾರು ಒಂದು ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಯಿತು. ಕಾರಣ, ಕಾರ್ಖಾನೆಯಲ್ಲಿ ಲೋಹ ಕೊರೆಯುವಾಗ ಬಿದ್ದ ಚೂರುಗಳು ಕೆಲವು ಎಂಜಿನ್‌ಗಳ ಒಳಗೇ ಉಳಿದಿರಬಹುದು, ಅದರಿಂದ ಗಾಡಿ ಓಡುತ್ತಿರುವಾಗಲೇ ಎಂಜಿನ್ ನಿಲ್ಲಬಹುದು ಎಂಬುದು. ಅಂಥ ದೊಡ್ಡ ಕಾರ್ಖಾನೆಯಲ್ಲೇ ಹೀಗಾದರೆ, ರಸ್ತೆ ಬದಿಯಲ್ಲಿ ಲಾರಿ ಹೋದಾಗೆಲ್ಲ ಧೂಳು ಹಾರುವ ನಮ್ಮ ಗ್ಯಾರೇಜುಗಳಲ್ಲಿ ಎಷ್ಟು ಜಾಗ್ರತೆ ಬೇಕು? ಕಟ್ಟಿದ ಭಾಗಕ್ಕೆ ಒಂದು ಶುಚಿಯಾದ ಪ್ಲಾಸ್ಟಿಕ್ ಹೊದಿಸಿದರೂ ಅರ್ಧ ಕೆಲಸ ಆಯಿತು.

ನೀರಿನ ಮಾತೂ ಹೇಳಿಬಿಡುತ್ತೇನೆ. ರೇಡಿಯೇಟರಿಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ಬಹಳ ಕಡೆ ಇದೆ. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪರೆ ಕಟ್ಟುವುದನ್ನು ಮನೆಯಲ್ಲಿ ನೋಡಿರುತ್ತೀರಿ. ಅದೇ ಪರೆ ಎಂಜಿನ್‌ನ ನೀರಿನ ದಾರಿಯಲ್ಲೂ ಕಟ್ಟುತ್ತದೆ, ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ಹೊಸದಾಗಿ ಕಟ್ಟಿದ ಎಂಜಿನ್‌ಗೆ ಇದು ಮೊದಲ ದಿನದಿಂದಲೇ ಕೊಡುವ ಪೆಟ್ಟು.

ದುಡ್ಡಿನ ಮಾತಷ್ಟೇ ಅಲ್ಲ

ಎಂಜಿನ್ ಕೆಟ್ಟರೆ ದುಡ್ಡು ಹೋಯಿತು, ಅಷ್ಟೇ ತಾನೇ ಎಂದು ಕೇಳಬಹುದು. ಅಷ್ಟೇ ಅಲ್ಲ. ಕಾರುಗಳಲ್ಲಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರ್ ಕೆಲಸ ಮಾಡುವುದು ನಿರ್ವಾತದಿಂದ. ಆ ನಿರ್ವಾತ ಬರುವುದು ಎಂಜಿನ್ ಓಡುತ್ತಿದ್ದರೆ ಮಾತ್ರ. ಎಂಜಿನ್ ನಿಂತರೆ ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಭಾರವಾಗಬಹುದು. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. ವಯನಾಡಿನಿಂದ ಇಳಿಯುವ ತಾಮರಶ್ಶೇರಿ ಚುರದಲ್ಲಿ 9. ಅಲ್ಲಿ ಇಳಿಯುವಾಗ ಎಂಜಿನ್ ಜಾಮ್ ಆದರೆ ಏನಾದೀತು ಎಂದು ಆ ದಾರಿಯ ಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗ್ಯಾರೇಜಿನಲ್ಲಿ ಉಳಿಸಿದ ಹತ್ತು ನಿಮಿಷದ ಬೆಲೆಯನ್ನು ಅಲ್ಲಿ ತೆರುವವರು ಗಾಡಿಯಲ್ಲಿ ಕೂತವರು.

ಎದುರು ವಾದ ನನಗೆ ಗೊತ್ತುಂಟು. ‘ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಾ ಬಂದಿದ್ದೇವೆ ಸಾರ್, ಏನೂ ಆಗಿಲ್ಲ.’ ಇದನ್ನು ವಿಜ್ಞಾನದ ವಿದ್ಯಾರ್ಥಿಗಳಾಗಿ ಪರೀಕ್ಷಿಸಿ. ಏನೂ ಆಗಿಲ್ಲ ಎಂದು ಗೊತ್ತಾದದ್ದು ಹೇಗೆ? ಎಂಜಿನ್ ಆರು ತಿಂಗಳಲ್ಲಿ ಕೆಟ್ಟ ಯಜಮಾನರು ಅದೇ ಗ್ಯಾರೇಜಿಗೆ ಮತ್ತೆ ಬರುತ್ತಾರೆಯೇ? ಬೇರೆ ಕಡೆ ಹೋಗುತ್ತಾರೆ. ಬಂದರೂ ದೋಷ ಆಯಿಲ್ ಮೇಲೆ, ಡ್ರೈವರ್ ಮೇಲೆ, ರಸ್ತೆ ಮೇಲೆ ಹೋಗುತ್ತದೆ. ತಪ್ಪಿಗೂ ಫಲಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಇದ್ದಾಗ, ಬರೆದಿಟ್ಟ ದಾಖಲೆ ಇಲ್ಲದಿದ್ದರೆ ಯಾರಿಗೂ ಪಾಠ ಸಿಗುವುದಿಲ್ಲ. ಉಳಿದ ಗಾಡಿಗಳನ್ನು ಮಾತ್ರ ಎಣಿಸಿ ಕೆಟ್ಟವನ್ನು ಬಿಟ್ಟರೆ ಅದು ಅನುಭವ ಅಲ್ಲ, ಅರ್ಧ ಲೆಕ್ಕ.

ಹಾಗೆಂದು ಎಲ್ಲ ತಪ್ಪನ್ನೂ ಮೇಸ್ತ್ರಿಗಳ ತಲೆಗೆ ಕಟ್ಟುವುದು ಅನ್ಯಾಯ. ಶಬ್ದ ಕೇಳಿಯೇ ಯಾವ ಸಿಲಿಂಡರಿನಲ್ಲಿ ತೊಂದರೆ ಎಂದು ಹೇಳುವವರು ನಮ್ಮ ಊರುಗಳಲ್ಲಿ ಇದ್ದಾರೆ. ಆ ಕಿವಿ ದೊಡ್ಡ ವಿದ್ಯೆ. ಆದರೆ ಕಿವಿ ‘ಎಲ್ಲಿ’ ಎಂದು ಹೇಳುತ್ತದೆ, ‘ಎಷ್ಟು’ ಎಂದು ಹೇಳಲು ಮೈಕ್ರೋಮೀಟರ್ ಬೇಕು. ಮತ್ತೆ ‘ನಾಳೆ ಮದುವೆ ಬಾಡಿಗೆ ಉಂಟು, ಇವತ್ತೇ ಕೊಡಿ, ಕಮ್ಮಿಯಲ್ಲಿ ಮುಗಿಸಿ’ ಎಂದು ಒತ್ತಾಯ ಮಾಡುವವರು ಯಾರು? ನಾವೇ. ಅಳತೆಗೆ ಕೂಲಿ ಕೊಡದ ಊರಿನಲ್ಲಿ ಅಳೆಯುವ ಮೇಸ್ತ್ರಿ ಬದುಕುವುದು ಹೇಗೆ?

ನೀವು ಮಾಡಬಹುದಾದದ್ದು

ಹನ್ನೊಂದನೇ ತರಗತಿಯ ಭೌತಶಾಸ್ತ್ರ ಪ್ರಯೋಗದಲ್ಲಿ ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂಗೇಜ್ ಕೈಗೆ ಬರುತ್ತದೆ. ಹಲವರು ಅದನ್ನು ಅಂಕಕ್ಕಾಗಿ ಒಂದು ದಿನ ಹಿಡಿದು ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಕ್ರೂಗೇಜಿನ ಕನಿಷ್ಠ ಅಳತೆ 0.01 ಮಿ.ಮೀ. ಎಂಜಿನ್ ಕಟ್ಟುವವರು ಬಳಸುವ ಮೈಕ್ರೋಮೀಟರ್ ಅಂದರೆ ಅದೇ ಸ್ಕ್ರೂಗೇಜ್. ನಿಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿರುವ ಆ ವಸ್ತುವನ್ನು ಸರಿಯಾಗಿ ಓದಲು ಕಲಿತವರು ಗ್ಯಾರೇಜಿನಲ್ಲಿ ಒಂದು ಹೆಜ್ಜೆ ಮುಂದೆ ಇರುತ್ತಾರೆ.

ಮ್ಯಾನುವಲ್ ಇಂಗ್ಲಿಷಿನಲ್ಲಿದೆ, ನಾವು ಕನ್ನಡ ಮೀಡಿಯಂ ಎಂದು ಹಿಂಜರಿಯಬೇಡಿ. ಎಂಜಿನ್ ಕಟ್ಟುವಾಗ ಅದರಲ್ಲಿ ಮುಖ್ಯವಾಗಿ ಬೇಕಾಗುವುದು ಕೋಷ್ಟಕ: ಭಾಗದ ಹೆಸರು, ಸಂಖ್ಯೆ, ಮಿತಿ. ಐವತ್ತು ಭಾಗಗಳ ಹೆಸರು ಕಲಿತರೆ ಸಾಕು, ಉಳಿದದ್ದು ಅಂಕಿ. ಮಿಲಿಮೀಟರಿಗೆ ಕನ್ನಡ, ಮಲಯಾಳ, ತಮಿಳು, ಮರಾಠಿ, ತೆಲುಗು ಎಂಬ ಭೇದ ಇಲ್ಲ. ಗಡಿಯ ಎರಡೂ ಕಡೆ 0.05 ಅಂದರೆ 0.05.

ಮನೆಯ ಗಾಡಿಯ ಎಂಜಿನ್ ಬಿಚ್ಚಿದ ದಿನ ಅಪ್ಪನ ಜೊತೆ ಹೋಗಿ. ಮೇಸ್ತ್ರಿಯವರಿಗೆ ಬುದ್ಧಿ ಹೇಳಲು ಹೋಗಬೇಡಿ, ಮರ್ಯಾದೆಯಿಂದ ಕೇಳಿ: ‘ಅಣ್ಣಾ, ಸವೆತ ಎಷ್ಟು ಬಂತು? ಮಿತಿ ಎಷ್ಟು? ಒಂದು ಚೀಟಿಯಲ್ಲಿ ಬರೆದು ಕೊಡ್ತೀರಾ?’ ಸಿಲಿಂಡರ್, ಕ್ರ್ಯಾಂಕ್, ರಿಂಗಿನ ಬಾಯಿ, ಹೆಡ್ಡಿನ ಸಮತಟ್ಟು, ಬೋಲ್ಟಿನ ಬಿಗಿ. ಈ ಐದು ಸಂಖ್ಯೆ, ತಾರೀಕು, ಗಾಡಿ ಓಡಿದ ಕಿಲೋಮೀಟರ್. ಒಳ್ಳೆಯ ಮೇಸ್ತ್ರಿಗೆ ಈ ಪ್ರಶ್ನೆಯಿಂದ ಕೋಪ ಬರುವುದಿಲ್ಲ, ತನ್ನ ಕೆಲಸದ ಬೆಲೆ ಗೊತ್ತಿರುವವರು ಬಂದರು ಎಂದು ಸಂತೋಷವೇ ಆಗುತ್ತದೆ. ಅಳತೆಗೆ ಒಂದಿಷ್ಟು ಹೆಚ್ಚು ಕೂಲಿ ಕೇಳಿದರೆ ಕೊಡಲು ಅಪ್ಪನಿಗೆ ಹೇಳಿ.

ನಾಳೆ ನೀವೇ ಗ್ಯಾರೇಜ್ ಇಟ್ಟರೆ ಇಂಥ ಒಂದು ಪುಸ್ತಕ ಮೊದಲ ದಿನದಿಂದ ಇಡಿ. ಹತ್ತು ವರ್ಷದ ನಂತರ ಯಾರಾದರೂ ‘ಇದು ನಡೀತದಾ?’ ಎಂದು ಕೇಳಿದರೆ, ಪುಸ್ತಕ ತೆರೆದು ಉತ್ತರ ಹೇಳಬಹುದು.